ಕುರ್ಚಿ ಕದಲಲಿಲ್ಲ, ಸಪ್ನಾಗೆ ತಲೆ ಸುತ್ತಿತು

ತಲೆ ಸುತ್ತಿತು ಅಂದರೆ ಸಾಕು, ನಮ್ಮ ಮನೆಗಳಲ್ಲಿ ಮೊದಲು ಪಿತ್ತದ ಮೇಲೆ ಅನುಮಾನ. ಆಮೇಲೆ ಯಾರದೋ ಕಣ್ಣು ತಾಗಿತು ಎನ್ನುವ ಮಾತು. ಅದೂ ಅಲ್ಲವೆಂದರೆ, ಬೆಳಿಗ್ಗೆ ನಾಷ್ಟಾ ಬಿಟ್ಟು ಓಡಿದವಳದೇ ತಪ್ಪು. ಹೈದರಾಬಾದಿನ ಮಣಿಕೊಂಡದ ಸಪ್ನಾ ಇವನ್ನೆಲ್ಲ ಒಂದೇ ಸಂಜೆ ಕೇಳಬೇಕಾಗಿ ಬಂತು.

ಸಪ್ನಾ ನಮ್ಮ ಮಹಿಳಾ ಸಂಘದವಳು. ಭಾಲ್ಕಿ ಕಡೆಯ ಮನೆತನ, ಮದುವೆಯಾಗಿ ಹೈದರಾಬಾದಿಗೆ ಬಂದವಳು. ಕ್ಯಾಬ್ ಓಡಿಸಬೇಕೆಂಬುದು ಅವಳ ಬಹುದಿನದ ಆಸೆ. ಗಚ್ಚಿಬೌಲಿಯಲ್ಲಿ ಹೆಂಗಸರಿಗೆಂದೇ ಡ್ರೈವಿಂಗ್ ತರಬೇತಿ ಶುರುವಾದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಳು. ಅಲ್ಲಿ ನಿಜವಾದ ಗಾಡಿ ಮುಟ್ಟುವ ಮೊದಲು ವಿಆರ್ ಹೆಡ್‌ಸೆಟ್ ಹಾಕಿಕೊಂಡು ಕಲಿಯಬೇಕು. ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿಯಂಥದು ಅದು. ಕಟ್ಟಿಕೊಂಡರೆ ಮುಂದೆ ರಸ್ತೆ, ಅಕ್ಕಪಕ್ಕ ಸರ್ರನೆ ಹಿಂದೆ ಸರಿಯುವ ಗಿಡಮರ, ಕಟ್ಟಡ. ಕೂತಿರುವುದು ಮಾತ್ರ ಕುರ್ಚಿಯ ಮೇಲೆ.

ಮೊದಲ ತಿರುವಿನಲ್ಲೇ ಸಪ್ನಾಗೆ ತಲೆ ಸುತ್ತಿ ಹೊಟ್ಟೆ ತೊಳಸಿತು. ಉಳಿದ ಹೆಂಗಸರು ನೋಡುತ್ತಿದ್ದಾರೆ, ನಕ್ಕಾರು ಎಂದು ಹಲ್ಲು ಕಚ್ಚಿ ಕೂತಳು. ಕಲಿಸುವ ಮೇಡಂ ಕೇಳಿದರೆ "ಆರಾಮ ಇದ್ದೀನ್ರಿ" ಎಂದಳು. ಮುಗಿದ ಮೇಲೆ ಅದೇ ತಲೆಸುತ್ತಿನಲ್ಲಿ ಸ್ಕೂಟಿ ಹತ್ತಿ ಮನೆಗೆ ಹೊರಟಳು. ಮನೆಯ ಗೇಟಿನ ಹತ್ತಿರ ಸ್ಕೂಟಿ ವಾಲಿ ಗೋಡೆಗೆ ಉಜ್ಜಿತು. ಮೊಣಕೈ ತರಚಿತು ಅಷ್ಟೇ, ದೊಡ್ಡ ಪುಣ್ಯ.

ಅತ್ತೆ ಸಾವಿತ್ರಿಬಾಯಿ ಪಿತ್ತ, ಕಣ್ಣು, ನಾಷ್ಟಾ ಎಲ್ಲ ಹೇಳಿ ಮುಗಿಸಿ, ಗಾಯಕ್ಕೆ ಅರಿಶಿನ ಹಚ್ಚುತ್ತಲೇ ತೀರ್ಪು ಕೊಟ್ಟುಬಿಟ್ಟರು.

"ಕುರ್ಚಿ ಮ್ಯಾಲೆ ಕುಂತರನ ಹಿಂಗಾದ್ರ, ರೋಡಿನ್ಯಾಗ ಏನ್ ಗತಿ? ಮಂದಿ ಕುಂತಿರ್ತಾರ ಗಾಡ್ಯಾಗ. ನಿನ್ನ ತಲಿ ಸೂಕ್ಷ್ಮ ಐತಿ ಸಪ್ನಾ. ನಾಳಿ ಹೋಗಿ ಹೆಸರು ತೆಗಿಸಿ ಬರೂಣು."

ಸಪ್ನಾಗೂ ಹಾಗೇ ಅನ್ನಿಸಿತ್ತು. ಅಷ್ಟು ಗಟ್ಟಿ ಹೆಂಗಸು ಅಷ್ಟು ಬೇಗ ಕೈಚೆಲ್ಲಿದಳಲ್ಲ ಎಂದು ಆಮೇಲೆ ಕೇಳಿದ ನನಗೇ ಸಂಕಟವಾಯಿತು.

ಮರುದಿನ ಅತ್ತೆ ಸೊಸೆ ಇಬ್ಬರೂ ಆಟೊ ಹತ್ತಿದರು. ಮೇಲಿನ ಮಹಡಿಯ ಹರ್ಷದಾಳೂ ಗಚ್ಚಿಬೌಲಿಗೆ ಹೋಗುವವಳು, ಜೊತೆಗೆ ಕೂತಳು. ನಿಂತಲ್ಲೇ ಇದ್ದರೂ ಕಣ್ಣೆದುರಿನ ಚಿತ್ರ ನೋಡಿ ನಾವು ಚಲಿಸಿದಂತೆ ಯಾಕೆ ಅನ್ನಿಸುತ್ತದೆ, ಅದೇ ಈ ಹುಡುಗಿಯ ಸಂಶೋಧನೆ. ದಾರಿಯಲ್ಲಿ ಎಲ್ಲ ಕೇಳಿಸಿಕೊಂಡು "ವೈನಿ, ಹೆಸರು ತೆಗಿಸಬ್ಯಾಡ್ರಿ" ಎನ್ನುವಷ್ಟರಲ್ಲಿ ಸಿಗ್ನಲ್ ಬಿತ್ತು. ಆಟೊ ನಿಂತಿತು. ಅದರ ಮಗ್ಗುಲಿಗೇ ಒಂದು ಸಿಟಿ ಬಸ್ಸು ಬಂದು ನಿಂತಿತು.

ಸ್ವಲ್ಪ ಹೊತ್ತಿಗೆ ಬಸ್ಸು ಮೆಲ್ಲಗೆ ಮುಂದೆ ಸರಿಯಿತು. ಸಾವಿತ್ರಿಬಾಯಿ ಗಬಕ್ಕನೆ ಆಟೊದ ರಾಡು ಹಿಡಿದರು. ಗಾಬರಿಯಲ್ಲಿ ತೆಲುಗು ಮರೆತೇ ಹೋಯಿತು.

"ಏ ತಮ್ಮಾ, ಬ್ರೇಕ್ ಹಿಡಿಯೋ. ಆಟೊ ಹಿಂದಕ್ಕ ಜಾರಾಕತ್ತೈತಿ."

"ಬಂಡಿ ಆಗೇ ಉಂದಿ ಅಮ್ಮಾ" ಎಂದು ಡ್ರೈವರ್ ನಕ್ಕ. ಗಾಡಿ ನಿಂತೇ ಇದೆ ಎಂದು ಅವನ ಮಾತು. ಸಾವಿತ್ರಿಬಾಯಿ ಬಗ್ಗಿ ಚಕ್ರ ನೋಡಿದರು. ನಿಂತೇ ಇತ್ತು.

"ಕಾಕೂ, ನಿಮ್ಮ ತಲಿನೂ ಸೂಕ್ಷ್ಮ ಏನ್ರಿ?" ಎಂದಳು ಹರ್ಷದಾ.

"ಇಲ್ಲವಾ, ಖರೇನ ಹಿಂದಕ್ಕ ಹೋದಂಗ ಆತು."

"ಎಲ್ಲಾರಿಗೂ ಹಂಗ ಆಗ್ತೈತ್ರಿ. ಪಕ್ಕದಾಗ ದೊಡ್ಡದೇನರ ಸರಿದ್ರ ನಾವ ಸರಿದ್ವಿ ಅಂತ ಮಿದುಳು ತಿಳ್ಕೊಂತೈತಿ. ಹೆಡ್‌ಸೆಟ್ಟಿನ್ಯಾಗಂತೂ ಎಲ್ಲಿ ನೋಡಿದ್ರೂ ಓಡೋ ರಸ್ತಾನ. ಕಣ್ಣು 'ಗಾಡಿ ತಿರುಗಿತು' ಅಂತೈತಿ. ಕಿವಿ ಒಳಗ ನಮ್ಮ ಸಮತೋಲ ನೋಡೋ ಭಾಗ ಐತಲ್ಲ, ಅದು 'ಸುಮ್ನ ಕುಂತೀವಿ' ಅಂತೈತಿ. ಇವೆರಡರ ಜಗಳದಾಗ ಹೊಟ್ಟಿ ತೊಳಸ್ತೈತಿ."

ಸಪ್ನಾ ಹರ್ಷದಾಳ ಕಡೆ ತಿರುಗಿ ಕೇಳಿದಳು, "ಹಂಗಾರ ಖರೇ ಗಾಡ್ಯಾಗ?"

"ಅಲ್ಲೆ ಕಣ್ಣು, ಕಿವಿ ಒಂದ ಮಾತು ಹೇಳ್ತಾವ. ಸ್ಟೇರಿಂಗ್ ನಿಮ್ಮ ಕೈಯಾಗ ಇದ್ರ ಇನ್ನೂ ಚಲೋ. ಇದ್ರಾಗ ತಲಿ ಸುತ್ತಿದ್ರ ಅದ್ರಾಗೂ ಸುತ್ತಬೇಕಂತೇನಿಲ್ಲ ವೈನಿ. ಆದ್ರ ಆರಾಮ ಇಲ್ಲದಾಗ ಆರಾಮ ಅಂದ್ರಲ್ಲ, ಅದು ತಪ್ಪು. ಆ ತಲಿಸುತ್ತಿನ್ಯಾಗ ಸ್ಕೂಟಿ ಹತ್ತಿದ್ದು ಭಾಳ ದೊಡ್ಡ ತಪ್ಪು."

ಸಾವಿತ್ರಿಬಾಯಿ ರಾಡು ಬಿಟ್ಟಿರಲಿಲ್ಲ. ಹಾಗೇ ಕೂತು ಹೇಳಿದರು, "ಹೆಸರು ಇರಲಿ ಬಿಡು. ಮೇಡಂಗೆ ಖರೇ ಏನೈತಿ ಅದನ್ನ ಹೇಳು."

ಸಪ್ನಾ ತರಬೇತಿಯ ಕೋಣೆಯಲ್ಲಿ ಎಲ್ಲರೆದುರು ಹೇಳಿದಳು: ನಿನ್ನೆ ನನಗೆ ಆರಾಮ ಇರಲಿಲ್ಲ. ಯಾರೂ ನಗಲಿಲ್ಲ. ಹಿಂದೆ ಕೂತಿದ್ದ ಒಬ್ಬಳು ತನಗೂ ಹಾಗೇ ಆಗಿತ್ತೆಂದಳು, ಅವಳ ಪಕ್ಕದವಳೂ ತಲೆ ಆಡಿಸಿದಳು. ಎಲ್ಲರೂ ಒಬ್ಬರಿಗೊಬ್ಬರು ಹೆದರಿ ಹಲ್ಲು ಕಚ್ಚಿ ಕೂತಿದ್ದರು ನೋಡಿ. ಮೊದಲು ಬಾಯಿ ಬಿಟ್ಟವಳು ನಮ್ಮ ಸಪ್ನಾ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಮೇಡಂ ಪಾಠವನ್ನೇ ಬದಲಿಸಿದರು. ತಿರುವು ಬಂದಾಗ ಚಿತ್ರದ ಅಂಚು ಕಪ್ಪಾಗುವಂತೆ ಮಾಡಿದರು. ಪಕ್ಕದಲ್ಲಿ ಓಡುವ ದೃಶ್ಯ ಕಡಿಮೆಯಾದರೆ ತಾನೇ ಓಡಿದಂತೆ ಅನ್ನಿಸುವುದೂ ಕಡಿಮೆ. ಹೊಟ್ಟೆಯಲ್ಲಿ ಸ್ವಲ್ಪ ಕಸಿವಿಸಿಯಾದರೂ ಹೆಡ್‌ಸೆಟ್ ತೆಗೆದು ಕೂತು ಸುಧಾರಿಸಿಕೊಳ್ಳುವುದು. ದಿನ ಕಳೆದಂತೆ ಸಪ್ನಾಗೆ ರೂಢಿಯಾಯಿತು. ನಿಜವಾದ ಕಾರಿನಲ್ಲಿ ಅವಳಿಗೆ ತಲೆ ಸುತ್ತಲೇ ಇಲ್ಲ. ಲೈಸೆನ್ಸ್ ಬಂದ ಮೇಲೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಾಡಿಗಳಿಂದ ಗಿಜಿಗುಡುವ ಅಮೀರ್‌ಪೇಟ್‌ವರೆಗೆ ಹೋಗಿ ಬಂದಳು. ಹೇಗಿತ್ತು ಎಂದು ಕೇಳಿದೆ. "ಏನ್ ಹೇಳ್ಲೆವಾ, ನಿದ್ದಿನ ಹತ್ತಿಬಿಡ್ತು" ಎಂದರು ಸಾವಿತ್ರಿಬಾಯಿ. ಆ ಟ್ರಾಫಿಕ್ಕಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಉಂಟೇ?

ಅಕ್ಕತಂಗಿಯರೇ, ಈಗ ಈ ಹೆಡ್‌ಸೆಟ್ಟು ಮಾಲಿನಲ್ಲೂ ಇದೆ, ಮಕ್ಕಳ ಕೈಯಲ್ಲೂ ಇದೆ. ಕೂತು ಹಾಕಿಕೊಳ್ಳಿ, ಪಕ್ಕದಲ್ಲಿ ಒಬ್ಬರಿರಲಿ, ಶುರುವಿಗೆ ಸ್ವಲ್ಪ ಹೊತ್ತು ಸಾಕು. ತಲೆ ಸುತ್ತಿದರೆ ಆಗಲೇ ತೆಗೆಯಿರಿ, ಪೂರಾ ಸರಿಹೋಗುವವರೆಗೆ ಗಾಡಿ ಮುಟ್ಟಬೇಡಿ. ಹೆಡ್‌ಸೆಟ್ ತೆಗೆದು ಎಷ್ಟೋ ಹೊತ್ತಾದರೂ ತಲೆಸುತ್ತು ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ಆದರೆ ನಿಮ್ಮ ತಲೆ ಸೂಕ್ಷ್ಮ ಎಂದು ಯಾರು ಹೇಳಿದರೂ ನಂಬಬೇಡಿ. ಆರಾಮ ಇಲ್ಲದಿದ್ದರೆ ಇಲ್ಲ ಎಂದು ಗಟ್ಟಿಯಾಗಿ ಹೇಳಿ. ಪಕ್ಕದಲ್ಲಿ ಇನ್ನೊಬ್ಬಳು ಅದೇ ಮಾತನ್ನು ಬಾಯಲ್ಲೇ ಹಿಡಿದು ಕೂತಿರುತ್ತಾಳೆ.