ಲೀಲಾವತಿಯವರ ಚೀಟಿ

ಬಾಲ್‌ಪೆನ್ನು ಎಷ್ಟು ಒತ್ತಿ ಗೀಟು ಹಾಕಿದ್ದಾರೆಂದರೆ ಚೀಟಿಯ ಹಿಂಬದಿಗೂ ಉಬ್ಬು ಬಂದಿದೆ, ಕುಮುದಾ ಬೆರಳಾಡಿಸಿ ನೋಡಿದಳು, ಹೌದು, ಮಸೂದೆಯ ಪರ ಎಂಬ ಚೌಕದಲ್ಲೇ ಗೀಟು, ವಿರುದ್ಧ ಎಂಬ ಚೌಕ ಖಾಲಿ, ಹೆಸರು ಲೀಲಾವತಿ, ಊರು ಹ್ಯೂಸ್ಟನ್ ಪಕ್ಕದ ಕೇಟಿ — ಈ ಹೆಂಗಸಿಗೆ ಏನು ಹೇಳುವುದು ದೇವರೇ, ಓದು ಬಾರದವರೇನಲ್ಲ, ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವರು, ಮಸೂದೆಯ ಪ್ರತಿ ಬಾಗಿಲ ಬಳಿಯ ಮೇಜಿನ ಮೇಲೇ ಇದೆ, ನಾಲ್ಕೇ ಪುಟ, ಆದರೂ ಮೊದಲ ಪುಟದಲ್ಲಿ ಸೆನೆಟರ್ ನಂದಕುಮಾರ್ ಎಂಬ ಹೆಸರು ಕಂಡ ಕೂಡಲೇ ಮುಂದೆ ಓದುವುದಕ್ಕೆ ಏನೂ ಉಳಿಯಲಿಲ್ಲ ಅವರಿಗೆ. ಇವರೊಬ್ಬರೇ ಆಗಿದ್ದರೆ ಹಾಳಾಗಲಿ ಎನ್ನಬಹುದಿತ್ತು, ಎರಡು ವ್ಯಾನು ತುಂಬ ಬಂದಿದ್ದಾರೆ, ಯುಗಾದಿಯ ದಿನ ಕನ್ನಡ ಸಂಘದ ವೇದಿಕೆಯಲ್ಲಿ ಯಾರೋ ಮೈಕು ಹಿಡಿದು, ನಮ್ಮ ಸೆನೆಟರ್ ಬಿಲ್ ಹಿಯರಿಂಗ್‌ಗೆ ಬರ್ತಾ ಇದೆ, ಎಲ್ಲಾರೂ ಆಸ್ಟಿನ್‌ಗೆ ಹೋಗಿ ಸಪೋರ್ಟ್ ಮಾಡ್ಬೇಕು ಅಂದರಂತೆ, ಬಿಲ್ಲಿನಲ್ಲಿ ಏನಿದೆ ಎಂದು ಕೇಳಿದವರಿಲ್ಲ, ಪುಳಿಯೋಗರೆ ಎಷ್ಟು ಜನಕ್ಕೆ ಕಲಸಬೇಕು ಎಂದು ಕೇಳಿದರು ಅಷ್ಟೇ, ಈಗ ರಾಜ್ಯ ಶಾಸನಸಭೆಯ ಈ ನೆಲದಡಿಯ ಕೋಣೆಯಲ್ಲಿ ರೇಷ್ಮೆ ಸೀರೆ ಉಟ್ಟು ಸಾಲಾಗಿ ಕೂತಿದ್ದಾರೆ, ಎಲ್ಲರ ಚೀಟಿಯೂ ಪರ, ಅದನ್ನೆಲ್ಲ ಒಟ್ಟುಮಾಡಿ ಸಮಿತಿಯ ಗುಮಾಸ್ತೆಗೆ ಕೊಡುವ ಕೆಲಸ ಕುಮುದಾಳದು. ನಮ್ಮವರು ಎಂದರೆ ಸಾಕು, ಕತ್ತು ಯಾರದೆಂದು ನೋಡದೆ ಹಾರ ಹಾಕುವ ಜನ.

ಬೈಯುವುದಾದರೆ ತನ್ನನ್ನೇ ಮೊದಲು ಬೈದುಕೊಳ್ಳಬೇಕು, ಹದಿನಾಲ್ಕು ವರ್ಷ ಈ ಮನುಷ್ಯನ ಕಾಗದ ಟೈಪ್ ಮಾಡಿದವಳು ತಾನೇ ಅಲ್ಲವೆ, ಡಲ್ಲಾಸಿನಲ್ಲಿ ಡೋನಟ್ ಅಂಗಡಿಯ ಪಕ್ಕದ ಒಂದೇ ಕೋಣೆಯ ಆಫೀಸು, ಫೈಲುಗಳಿಗೆಲ್ಲ ಸಕ್ಕರೆಪಾಕದ ವಾಸನೆ, ಇಂಜಿನಿಯರಿಂಗ್ ಓದಲು ಬಂದು ಅದನ್ನು ಬಿಟ್ಟು ಲಾ ಮಾಡಿದ ಹುಚ್ಚ ಎಂದು ಊರೆಲ್ಲ ನಗುತ್ತಿದ್ದ ಕಾಲ, ಕುಮುದಾ, ನನ್ನ ಕನ್ನಡಕ ಎಲ್ಲಿ, ಹಣೆ ಮೇಲಿದೆ ಸರ್, ಇವತ್ತಿಗೂ ಅದೇ ಪ್ರಶ್ನೆ ಅದೇ ಉತ್ತರ. ಆಮೇಲೆ ಲೀಲಾವತಿಯವರ ಗಂಡ ಅಣ್ಣಾಸಾಹೇಬರ ಕೇಸು, ಅದಕ್ಕಾಗಿಯೇ ಹ್ಯೂಸ್ಟನ್‌ಗೆ ಶಿಫ್ಟ್ ಆಗಿದ್ದು, ಅಣ್ಣಾಸಾಹೇಬರು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ತೊಂಬತ್ತನಾಲ್ಕರಲ್ಲಿ ಅನಿಲ ಸೋರಿತು, ಮೊದಮೊದಲು ಬರೀ ಕೆಮ್ಮು, ಡಾಕ್ಟರು ಅಲರ್ಜಿ ಎಂದರು, ಶ್ವಾಸಕೋಶವೇ ಸುಟ್ಟಿದೆ ಎಂದು ತಿಳಿಯುವ ಹೊತ್ತಿಗೆ ಮೂರು ವರ್ಷ, ಎರಡು ವರ್ಷದ ಗಡುವು ಮುಗಿಯಿತಲ್ಲ, ಇನ್ನೆಂಥ ದಾವೆ ಎಂದರು ಕಂಪನಿಯ ವಕೀಲರು. ಆಗ ಸರ್ ಎದ್ದು ನಿಂತು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ — ಕಳ್ಳ ಹೊಕ್ಕಿದ್ದು ಗೊತ್ತಾಗುವ ಮೊದಲೇ ದೂರು ಕೊಡಬೇಕಿತ್ತು ಎಂದರೆ ಹೇಗೆ ಸ್ವಾಮಿ, ರೋಗ ತಿಳಿದ ದಿನದಿಂದ ಎಣಿಸಿ, ಸೋರಿದ ದಿನದಿಂದಲ್ಲ. ಜ್ಯೂರಿಯಲ್ಲಿದ್ದ ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಆ ಒಂದು ಮಾತಿನಿಂದ ಕೇಸು ಗೆದ್ದರು, ಹೆಸರಾಯಿತು, ಎರಡು ಸಾವಿರದಲ್ಲಿ ಸೆನೆಟರ್ ಆದರು, ಹೆದ್ದಾರಿಯ ಬದಿಯ ಹೋರ್ಡಿಂಗಿನಲ್ಲಿ ಅಷ್ಟೆತ್ತರದ ಮುಖ, ಪ್ರಮಾಣವಚನದ ದಿನ ಲೀಲಾವತಿಯವರು ಗ್ಯಾಲರಿಯಲ್ಲಿ ಕೂತು ಅತ್ತರು, ಕುಮುದಾಳೂ ಅತ್ತಳು, ಸುಳ್ಳೇಕೆ. ಈಗ ಅದೇ ಬಾಯಿ, ಅದೇ ಮನುಷ್ಯ, ತಾನೇ ಮಸೂದೆ ತಂದಿದ್ದಾನೆ, ಸೋರಿದ ದಿನದಿಂದಲೇ ಎಣಿಕೆ, ಎರಡು ವರ್ಷ ಕಳೆದರೆ ಕೋರ್ಟಿನ ಬಾಗಿಲು ಬಂದ್, ರೋಗ ಯಾವಾಗಲಾದರೂ ತಿಳಿಯಲಿ, ಯಾವ ವಿನಾಯಿತಿಯೂ ಇಲ್ಲ. ಸರ್, ಇದು ನಿಮ್ಮ ವಾದಕ್ಕೇ ಮಣ್ಣು ಹಾಕತ್ತಲ್ಲ ಎಂದರೆ, ನೋಡಿ ಕುಮುದಾ, ಕೋರ್ಟ್ ಬೇರೆ ಸೆನೆಟ್ ಬೇರೆ, ದೊಡ್ಡ ಕಂಪನಿಗಳನ್ನ ಎದುರು ಹಾಕ್ಕೊಂಡು ಮುಂದಿನ ಎಲೆಕ್ಷನ್ ಮಾಡಕ್ಕಾಗತ್ತಾ, ನೀವು ಸ್ವಲ್ಪ ಪ್ರಾಕ್ಟಿಕಲ್ ಆಗಿ. ಪ್ರಾಕ್ಟಿಕಲ್ ಅಂತೆ. ಲೀಲಾವತಿಯವರ ತಮ್ಮ ಮೋಹನರಾಜನೂ ಸೋರಿದ ದಿನ ಅದೇ ಕಾರ್ಖಾನೆಯಲ್ಲಿದ್ದವನು, ಅವನಿಗೂ ಈ ಜನವರಿಯಿಂದ ಅದೇ ಕೆಮ್ಮು, ಸೆಶನ್ ಮುಗೀಲಿ, ಒಳ್ಳೆ ವಕೀಲರು ಯಾರಂತ ಸಾಹೇಬ್ರನ್ನೇ ಕೇಳೋಣು ಅಂತ ಕೂತೀವ್ರಿ ಎಂದು ಅವರೇ ಫೋನಿನಲ್ಲಿ ಹೇಳಿದ್ದರು. ಅದನ್ನೂ ಸರ್‌ಗೆ ಹೇಳಿದ್ದಾಯಿತು ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ, ಚೀಟಿ ತೋರಿಸಿದ್ದೂ ಆಯಿತು, ಪರ ಅಂತ ಬರೆದಿದ್ದಾರಾ, ಅವರಿಷ್ಟ, ನಾವ್ಯಾಕೆ ಬೇಡ ಅನ್ನೋಣ, ಸಾಕ್ಷಿ ಹೇಳೋಕೆ ಮೊದಲು ಅವರನ್ನೇ ಕರೆಸಿ ಎಂದು ಟೈ ಸರಿಮಾಡಿಕೊಂಡರು. ಲಿಫ್ಟಿನ ಬಾಗಿಲು ತೆರೆಯಿತು, ಅವರು ಹೊರಟುಹೋದರು.

ಇಲ್ಲ, ಹೇಳಿಯೇ ಬಿಡುತ್ತೇನೆ ಎಂದು ಎದ್ದು ಹೋದಳು, ಮೂರನೆಯ ಸಾಲಿನ ತುದಿಯಲ್ಲಿ ಗಾಲಿಕುರ್ಚಿಯಲ್ಲಿ ಅಣ್ಣಾಸಾಹೇಬರು, ಮೂಗಿಗೆ ನಳಿಕೆ, ಮಡಿಲಲ್ಲಿ ಪುಟ್ಟ ಆಕ್ಸಿಜನ್ ಸಿಲಿಂಡರು, ಪಕ್ಕದಲ್ಲಿ ಲೀಲಾವತಿಯವರು, ಬರ್ರಿ ಕುಮುದಾ ಅವ್ರ, ಚಾ ಆತೇನ್ರಿ. ಕುಮುದಾ ಬಗ್ಗಿ ಮೆಲ್ಲಗೆ ಹೇಳಿದಳು, ಈ ಬಿಲ್ ಪಾಸ್ ಆದ್ರೆ ನಿಮ್ಮ ತಮ್ಮ ಕೇಸ್ ಹಾಕೋ ಹಾಗೇ ಇಲ್ಲ, ಚೀಟಿ ಬದಲಾಯಿಸಿ, ಇನ್ನೂ ಟೈಮಿದೆ. ಅವರು ಅವಳ ಮುಖವನ್ನೇ ನೋಡಿದರು, ಆಮೇಲೆ ನಕ್ಕರು, ಏ ತಗೀರಿ, ಸಾಹೇಬ್ರು ಹಂಗ ಮಾಡಂಗಿಲ್ರಿ, ನಮ್ಮ ಕೇಸಿನ್ಯಾಗ ಹೇಳಿದ್ದನ್ನ ಕಾಯ್ದೆ ಮಾಡಾಕತ್ತಾರ, ನೀವ ಎಲ್ಲೋ ತಪ್ಪು ಓದೀರಿ. ಮಸೂದೆ ತೆರೆದು ಸಾಲಿನ ಮೇಲೆ ಬೆರಳಿಟ್ಟರೆ, ಇರ್ಲಿ ಬಿಡ್ರಿ, ಕಾಯ್ದೆ ಭಾಷಾ ನಮಗ ನಿಮಗ ಎಲ್ಲಿ ತಿಳೀತದ, ಸಾಹೇಬ್ರಿಗೆ ತಿಳೀತದ. ಈ ವಿಶ್ವಾಸವನ್ನು ಯಾವ ಕಲ್ಲಿಗೆ ತೆಗೆದುಕೊಂಡು ಹೋಗಿ ಚಚ್ಚುವುದು, ಇನ್ನೊಂದು ಸಲ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತೆ ಬಂದು ಚೀಟಿಗಳ ಕಟ್ಟನ್ನೇ ಕೈಯಿಂದ ಎತ್ತಿಕೊಂಡಳು, ಥ್ಯಾಂಕ್ಯೂ ಹನಿ, ಕುಮುದಾ ಹಿಡಿದುಕೊಳ್ಳಲಿಲ್ಲ, ಹಿಡಿದುಕೊಳ್ಳಬಹುದಿತ್ತು.

ಅಧ್ಯಕ್ಷರು ಹೆಸರನ್ನು ಮೂರು ತುಂಡು ಮಾಡಿ ಕರೆದರು, ಲೀಲಾವತಿಯವರು ಸೆರಗು ಹೊದ್ದು ಮೈಕಿನ ಮುಂದೆ ಕೂತರು, ಮೂರು ನಿಮಿಷ, ಹಸಿರು ದೀಪ, ಇಂಗ್ಲಿಷಿನಲ್ಲಿ ನಿಧಾನವಾಗಿ, ಪ್ರತಿ ಪದವನ್ನೂ ತೊಳೆದಿಟ್ಟಂತೆ — ನನ್ನ ಗಂಡನಿಗೆ ನ್ಯಾಯ ಕೊಡಿಸಿದವರು ಇವರು, ಈಗ ನನ್ನ ತಮ್ಮನಿಗೂ ಸಿಗಲಿ ಎಂದು ಈ ಕಾನೂನು ತಂದಿದ್ದಾರೆ, ನಾನು ಇದರ ಪರ. ಸಮಿತಿಯ ಇಬ್ಬರು ಸದಸ್ಯರು ಮಸೂದೆಯ ಪುಟ ತಿರುಗಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು. ಸೆನೆಟರ್ ನಂದಕುಮಾರ್, ಸಾಕ್ಷಿಗೆ ನಿಮ್ಮ ಪ್ರಶ್ನೆ ಏನಾದರೂ ಇದೆಯೇ. ಈಗ, ಈಗಲಾದರೂ ಹೇಳಿ ಸರ್, ಒಂದೇ ಮಾತು, ತಾಯಿ ನೀವು ತಪ್ಪು ತಿಳಿದಿದ್ದೀರಿ ಎಂದು, ಇಷ್ಟು ವರ್ಷದ ಅನ್ನ ಜೀರ್ಣವಾಗಲಿ ನನಗೆ. ನಂದಕುಮಾರ್ ಕನ್ನಡಕ ತೆಗೆದು ಒರೆಸಿದರು, ಪ್ರಶ್ನೆ ಇಲ್ಲ ಅಧ್ಯಕ್ಷರೇ, ಇವರು ಬಂದದ್ದಕ್ಕೆ ಕೃತಜ್ಞ. ಕೇಟಿಯವರೆಲ್ಲ ಚಪ್ಪಾಳೆ ಹೊಡೆದರು, ಅಧ್ಯಕ್ಷರು ಸುತ್ತಿಗೆ ಕುಟ್ಟಿದರು, ಇಲ್ಲಿ ಚಪ್ಪಾಳೆ ಇಲ್ಲ, ಎಲ್ಲರೂ ಕೈ ಮಡಿಚಿಕೊಂಡರು, ಅಣ್ಣಾಸಾಹೇಬರಿಗೆ ಮಾತ್ರ ಕೇಳಿಸಲಿಲ್ಲವೋ ಏನೋ, ಅವರ ಎರಡು ಕೈ ಬಂದು ಕೂಡುತ್ತಿವೆ, ಸದ್ದೇ ಇಲ್ಲ, ಬಿಡುತ್ತಿವೆ, ಕೂಡುತ್ತಿವೆ, ಕುಮುದಾ ಬಾಗಿಲ ಬಳಿಯ ಮೇಜಿನಿಂದ ಹೊಸ ಚೀಟಿ ಎಳೆದುಕೊಂಡಳು, ತನ್ನ ಹೆಸರು ಬರೆದಳು, ವಿರುದ್ಧ ಎಂಬ ಚೌಕದಲ್ಲಿ ಗೀಟು ಹಾಕಿದಳು, ನಾಳೆಯಿಂದ ಈ ಕೆಲಸ ಇಲ್ಲ, ಗೊತ್ತು, ಚೀಟಿಯ ಮುಂದಿನ ಸಾಲು ಯಾರ ಪರವಾಗಿ ಬಂದಿದ್ದೀರಿ ಎಂದು ಕೇಳುತ್ತಿದೆ, ಯಾರ ಪರವಾಗಿ, ಪೆನ್ನು ಅಲ್ಲೇ ನಿಂತಿದೆ, ತಲೆ ಎತ್ತಿದರೆ ಮೂರನೆಯ ಸಾಲಿನಲ್ಲಿ ಆ ಎರಡು ಕೈ, ನಳಿಕೆಯ ಕೆಳಗೆ ಮುಖದ ತುಂಬ ನಗು, ಕೂಡುತ್ತಿವೆ, ಬಿಡುತ್ತಿವೆ, ಕೂಡುತ್ತಿವೆ