ಕೋಣೆ ತುಂಬಿದ ಮಂಚ

ಹಾಸಿಗೆ ಅಂಗಡಿಯಲ್ಲಿ ಅವನನ್ನು ಎಲ್ಲರೂ ವಕೀಲ ಎಂದೇ ಕರೆಯುತ್ತಿದ್ದರು. ಓದಿದ್ದು ಅಷ್ಟೇನಿಲ್ಲ. ಆದರೆ ಒಂದು ಹಾಸಿಗೆಯ ಪರವಾಗಿ ಅವನು ಬಾಯಿ ತೆರೆದನೆಂದರೆ ಎದುರಿಗಿದ್ದವರಿಗೆ ವಾದಿಸಲು ಏನೂ ಉಳಿಯುತ್ತಿರಲಿಲ್ಲ. ಬರೀ ದಿಂಬು ಕೇಳಿಕೊಂಡು ಬಂದವರು ಹಾಸಿಗೆಯನ್ನೂ ಅದಕ್ಕೊಂದು ಕವಚವನ್ನೂ ಕೊಂಡು ಹೊರಡುತ್ತಿದ್ದರು. ಹೊರಗೆ ಹೋದ ಮೇಲೆ ಗಂಡ ಹೆಂಡತಿ ಫುಟ್‌ಪಾತಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನು ಅವನು ಗಾಜಿನ ಈಚೆಯಿಂದ ಕಂಡದ್ದುಂಟು. ಅದನ್ನು ತನ್ನ ಮಾತಿಗೆ ಸಂದ ಮರ್ಯಾದೆ ಎಂದೇ ತಿಳಿದಿದ್ದ.

ಮಾತು ಗೆದ್ದಷ್ಟೂ ಟಾರ್ಗೆಟ್ ಬೆಳೆಯುತ್ತಿತ್ತು. ಈ ತಿಂಗಳು ಹೆಚ್ಚು ಮಾರಿದರೆ ಬರುವ ತಿಂಗಳಿಗೆ ಆ ಹೆಚ್ಚೇ ಕನಿಷ್ಠವಾಗಿಬಿಡುತ್ತಿತ್ತು. ಗಾಜಿನ ಕೋಣೆಯೊಳಗಿನ ಬಿಳಿ ಬೋರ್ಡಿನ ಮೇಲೆ ಮ್ಯಾನೇಜರ್ ಬೆಳಬೆಳಿಗ್ಗೆ ಬರೆಯುವ ಅಂಕಿ ನೋಡಿಕೊಂಡೇ ಎಲ್ಲರ ದಿನ ಶುರು. ಮ್ಯಾನೇಜರ್ ಅವನಿಗಿಂತ ಚಿಕ್ಕವಳು, ಕೆಟ್ಟವಳೇನಲ್ಲ. ಮೇಲಿನವರ ಫೋನ್ ಬಂದಾಗ ಲಾರಿ ನಿಲ್ಲುವ ಜಾಗಕ್ಕೆ ಹೋಗಿ ಮಾತಾಡಿ, ಒಳಗೆ ಬರುವಷ್ಟರಲ್ಲಿ ಮುಖ ಸರಿಮಾಡಿಕೊಂಡಿರುತ್ತಿದ್ದಳು.

ಆ ಸಲ ತಿಂಗಳ ಕೊನೆಯ ದಿನ ಬಂದರೂ ಅಂಗಡಿಯ ಲೆಕ್ಕಕ್ಕೆ ಒಂದು ದೊಡ್ಡ ಮಂಚ ಕಡಿಮೆ ಬಿದ್ದಿತ್ತು. ಅದೊಂದು ಮಾರಾಟವಾದರೆ ಎಲ್ಲರಿಗೂ ಸಂಬಳದ ಮೇಲೆ ಒಂದಿಷ್ಟು ಸಿಗುತ್ತಿತ್ತು. ಕ್ಯಾಷಿಯರ್ ಅದನ್ನು ನಂಬಿ ಮಗಳಿಗೆ ಸೈಕಲ್ ಕೊಡಿಸುವುದಾಗಿ ಹೇಳಿಬಿಟ್ಟಿದ್ದ. ಮಧ್ಯಾಹ್ನದವರೆಗೆ ಬಂದವರೆಲ್ಲ ತಣ್ಣಗಿರಲೆಂದು ಒಳಗೆ ಬಂದು, ಹಾಸಿಗೆಗಳನ್ನು ಒತ್ತಿ ನೋಡಿ ಹೊರಟವರೇ.

ಆಮೇಲೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ತೆಳ್ಳಗಿನ ಮೈ. ಕೆಲಸದ ನಡುವೆ ಎದ್ದು ಬಂದಿದ್ದಳೇನೋ, ಹೊಲಿಗೆಯವರ ಅಳತೆ ಟೇಪು ಕೊರಳಲ್ಲೇ ಇತ್ತು.

"ಒಬ್ರು ಮಲಗೋ ಹಾಸಿಗೆ ಬೇಕಿತ್ತು. ನೆಲದ ಮೇಲೆ ಹಾಸೋಕೆ. ಮನೇಲಿರೋದು ಗಂಟುಗಂಟಾಗಿದೆ," ಎಂದಳು.

"ನೆಲದ ಮೇಲಾ? ಈ ಬೆನ್ನು ನೋವು ಇಟ್ಕೊಂಡು?" ಎಂದ ವಕೀಲ.

ಅವಳು ಬೆನ್ನಿನ ಮಾತೇ ಎತ್ತಿರಲಿಲ್ಲ. ಆದರೂ ಕೈ ತಾನಾಗಿ ಸೊಂಟಕ್ಕೆ ಹೋಯಿತು. ವಕೀಲನಿಗೆ ಅಷ್ಟು ಸಾಕಾಯಿತು.

"ಮಂಚ ಬೇಡಪ್ಪ. ನಾನಿರೋದು ಒಬ್ಬಳೇ."

"ಇವತ್ತು ಒಬ್ರೇ ಅಮ್ಮ. ಅಕ್ಕ ತಂಗಿ ಯಾರಾದ್ರೂ ಬಂದ್ರೆ?"

"ಅಕ್ಕ ಬರ್ತಾಳೆ, ಅಪರೂಪಕ್ಕೆ."

"ಅಪರೂಪಕ್ಕೆ ಬಂದ ಅಕ್ಕನ್ನ ನೆಲದ ಮೇಲೆ ಮಲಗಿಸ್ತೀರಾ?"

ಅವಳನ್ನು ದೊಡ್ಡ ಮಂಚದ ಅಂಚಿನಲ್ಲಿ ಕೂರಿಸಿ ಅವನು ಮಾತಾಡಿದ. ಸ್ಪ್ರಿಂಗ್ ಬಗ್ಗೆ, ಬೆನ್ನೆಲುಬಿನ ಬಗ್ಗೆ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಎಷ್ಟು ಬಟ್ಟೆ ಹಿಡಿಯುತ್ತದೆ ಎಂಬುದರ ಬಗ್ಗೆ, ಕಂತು ಎಷ್ಟು ಹಗುರ ಎಂಬುದರ ಬಗ್ಗೆ. ಅವಳು ಮೂರು ಸಲ ಬೇಡ ಎಂದಳು. ನಾಲ್ಕನೇ ಸಲ ಏನೂ ಹೇಳದೆ ಅವನನ್ನೇ ನೋಡುತ್ತ ಕುಳಿತಳು. ಕೊನೆಗೆ, "ಆಯ್ತು, ಕೊಡಿ," ಎಂದಳು. ಕ್ಯಾಷಿಯರ್ ಬಿಲ್ ಮಾಡುವಾಗ ಸಣ್ಣಗೆ ಶಿಳ್ಳೆ ಹಾಕುತ್ತಿದ್ದ.

ಮನೆಗೆ ಬಂದ ವಕೀಲ ಕಾಲು ಚಾಚಿ ಕುಳಿತು, "ಇವತ್ತು ಕೇಸು ಗೆದ್ದೆ," ಎಂದ.

"ಎದುರು ಪಾರ್ಟಿ ಯಾರು?" ಎಂದಳು ಹೆಂಡತಿ.

"ಒಬ್ಬ ಟೈಲರಮ್ಮ. ಒಂಟಿ ಹಾಸಿಗೆಗೆ ಬಂದಿದ್ಲು, ದೊಡ್ಡ ಮಂಚ ತಗೊಂಡು ಹೋದ್ಲು."

"ಒಬ್ಬಳಿಗೆ ಅಷ್ಟು ದೊಡ್ಡ ಮಂಚ ಯಾಕ್ರೀ?"

"ಆರಾಮಕ್ಕೆ."

"ಅಷ್ಟು ಆರಾಮ ಆದ್ರೆ ನಮ್ಮನೇಲಿ ಯಾಕಿಲ್ಲ?"

ವಕೀಲ ಎದ್ದು ಕೈ ತೊಳೆದುಕೊಂಡು ಬಂದು, "ಊಟಕ್ಕೆ ಬಡಿಸು," ಎಂದ.

ಮುಂದಿನ ವಾರ ಮ್ಯಾನೇಜರ್ ಅವನನ್ನು ಗಾಜಿನ ಕೋಣೆಗೆ ಕರೆದಳು. ಟೈಲರಮ್ಮ ಫೋನ್ ಮಾಡಿದ್ದಳು. ಮಂಚ ವಾಪಸು ಕೊಡುತ್ತಾಳಂತೆ. ಅಂಗಡಿಯ ನಿಯಮದಂತೆ ಅದಕ್ಕೆ ಇನ್ನೂ ಅವಧಿಯಿತ್ತು. ತೊಂದರೆಯೆಂದರೆ, ಸಂಬಳದ ಮೇಲೆ ಸಿಗಬೇಕಿದ್ದ ಹೆಚ್ಚಿನ ಹಣ ಇನ್ನೂ ಯಾರ ಕೈಗೂ ಬಂದಿರಲಿಲ್ಲ. ಅಷ್ಟರೊಳಗೆ ಮಂಚ ಹಿಂದಕ್ಕೆ ಬಂದರೆ ಹೋದ ತಿಂಗಳ ಲೆಕ್ಕವೇ ಮುರಿಯುತ್ತಿತ್ತು.

"ನೀವೇ ಒಂದ್ಸಲ ಹೋಗಿ ಬನ್ನಿ. ಅವರ ಹತ್ರ ಮಾತಾಡಿ," ಎಂದಳು ಮ್ಯಾನೇಜರ್. "ನಿಮ್ಮ ಮಾತು ಅಂದ್ರೆ ಅವರು ಕೇಳ್ತಾರೆ."

ವಕೀಲ ಬಸ್ಸಿನಲ್ಲಿ ಕುಳಿತು ವಾದ ಸಿದ್ಧಮಾಡಿಕೊಂಡ. ಹೊಸ ಮಂಚಕ್ಕೆ ಮೈ ಒಗ್ಗಲು ದಿನ ಹಿಡಿಯುತ್ತದೆ, ನನ್ನ ಸ್ವಂತ ಅತ್ತೆಗೂ ಮೊದಲು ಹೀಗೇ ಆಗಿತ್ತು, ಎಂದು. ಅವನ ಅತ್ತೆ ಎಂದೂ ಮಂಚದ ಮೇಲೆ ಮಲಗಿದವಳಲ್ಲ. ಅದು ಬೇರೆ ಮಾತು.

ಅದೊಂದು ಹಳೆಯ ವಠಾರದಂಥ ಕಟ್ಟಡ. ಮಹಡಿಯ ಉದ್ದಕ್ಕೂ ಮನೆಗಳು, ಮುಂದೆ ಕಿರಿದಾದ ನಡೆದಾರಿ. ಟೈಲರಮ್ಮನ ಮನೆಯನ್ನು ಹುಡುಕಬೇಕಾಗಿರಲಿಲ್ಲ. ಹೊಲಿಗೆ ಯಂತ್ರ ಹೊಸ್ತಿಲಿಗೆ ತಾಗಿ ನಿಂತಿತ್ತು, ಅವಳು ನಡೆದಾರಿಯಲ್ಲಿ ಸ್ಟೂಲ್ ಹಾಕಿ ಬೆನ್ನು ಹೊರಗೆ ಮಾಡಿ ಕುಳಿತು ಹೊಲಿಯುತ್ತಿದ್ದಳು. ಹೋಗಿ ಬರುವವರು ಅವಳನ್ನು ತಾಗಿಕೊಂಡೇ ದಾಟುತ್ತಿದ್ದರು.

"ಬಂದ್ರಾ," ಎಂದು ಅವಳು ಯಂತ್ರ ಸರಿಸಿದಳು. "ಅಡ್ಡಡ್ಡ ಬನ್ನಿ. ಬಾಗಿಲು ಪೂರ್ತಿ ತೆರೆಯಲ್ಲ."

ಬಾಗಿಲು ಮಂಚಕ್ಕೆ ತಾಗಿ ಅರ್ಧಕ್ಕೇ ನಿಂತಿತ್ತು. ವಕೀಲನದು ಅಂಗಡಿ ತಿಂಡಿ ತಿಂದು ಬೆಳೆದ ಹೊಟ್ಟೆ. ಉಸಿರು ಹಿಡಿದು ನುಸುಳಿದ. ಒಳಗೆ ಮಂಚವಿತ್ತು. ಮಂಚ ಬಿಟ್ಟರೆ ಗೋಡೆಯಿತ್ತು. ಬಟ್ಟೆ ಕತ್ತರಿಸುವ ಮೇಜು ಮಡಚಿಕೊಂಡು ಒಲೆಯ ಪಕ್ಕದಲ್ಲಿ ನಿಂತಿತ್ತು. ಹಾಸಿಗೆಯ ಮೇಲೆ ಹಲಗೆ, ಅದರ ಮೇಲೆ ಸೀಮೆಸುಣ್ಣದ ಗೆರೆ ಎಳೆದ ನೀಲಿ ಬಟ್ಟೆ.

"ಮೆತ್ತಗಿದೆ ನೋಡಿ, ಹಲಗೆ ಅಲ್ಲಾಡುತ್ತೆ. ನಿನ್ನೆ ಒಂದು ತೋಳು ಸೊಟ್ಟ ಹೋಯ್ತು," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬಂತು ಎನ್ನುವ ಹಾಗೆ ಹೇಳಿದಳು. "ಕೂತ್ಕೊಳ್ಳಿ. ಬೇರೆ ಜಾಗ ಇಲ್ಲ."

ವಕೀಲ ಮಂಚದ ಮೂಲೆಯಲ್ಲಿ ಕುಳಿತ. ನೀರು ಕೊಟ್ಟಳು, ಕುಡಿದ. ಸಿದ್ಧಮಾಡಿಕೊಂಡಿದ್ದ ವಾದವನ್ನು ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ. ಆದರೂ ಅಭ್ಯಾಸಬಲದಿಂದ, "ಹೊಸ ಮಂಚ ಅಂದ್ರೆ ಮೈಗೆ ಒಗ್ಗೋಕೆ..." ಎಂದು ಬಾಯಿ ತೆಗೆದ.

"ಮೈಗೇನೋ ಒಗ್ಗಿದೆ. ಮನೆಗೆ ಒಗ್ಗಿಲ್ಲ," ಎಂದಳು ಅವಳು. ಆಮೇಲೆ ಕೇಳಿದಳು, "ಅವತ್ತು ನಿಮಗೆ ಬೈಗುಳ ತಪ್ಪಿತಾ?"

"ಯಾವ ಬೈಗುಳ?"

"ನಂಗೇನು ಗೊತ್ತು. ನೀವು ಬಿಡದೆ ಮಾತಾಡ್ತಿದ್ರಿ. ಒಂದೊಂದು ಮಾತು ಮುಗಿದಾಗ್ಲೂ ಆ ಗಾಜಿನ ಕೋಣೆ ಕಡೆ ನೋಡ್ತಿದ್ರಿ. ಅಷ್ಟು ತಣ್ಣಗಿರೋ ಅಂಗಡೀಲಿ ಕಾಲರ್ ಒದ್ದೆ ಆಗಿತ್ತು. ಈ ಮನುಷ್ಯನಿಗೆ ಇವತ್ತು ಏನೋ ಆಗ್ಲೇಬೇಕಾಗಿದೆ ಅಂತ ಅನ್ನಿಸ್ತು. ಪಾಪ ಅಂತ ಹೂಂ ಅಂದೆ. ಮಂಚ ಬಂದ್ಮೇಲೆ ಗೊತ್ತಾಯ್ತು, ಪಾಪ ಅನ್ನೋಕೂ ಜಾಗ ಬೇಕು ಅಂತ."

ವಕೀಲನ ಇಷ್ಟು ವರ್ಷದ ಗೆಲುವುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಕವಚ ಕೊಂಡವರು, ಜೋಡಿ ದಿಂಬು ಕೊಂಡವರು, ಸುಮ್ಮನೆ ತಲೆಯಾಡಿಸಿ ಸಹಿ ಹಾಕಿದವರು. ಅವರಲ್ಲಿ ತನ್ನ ಮಾತಿಗೆ ಸೋತವರೆಷ್ಟು, ತನ್ನ ಕಾಲರ್ ನೋಡಿ ಕರಗಿದವರೆಷ್ಟು? ಹೇಗೆ ಎಣಿಸಿದರೂ ಬಗೆಹರಿಯಲಿಲ್ಲ. ಎದುರಿಗೆ ಅವಳು ನೂಲು ಕಡಿದು ಸೂಜಿಗೆ ಪೋಣಿಸುತ್ತಿದ್ದಳು, ತಾನೇನೂ ದೊಡ್ಡ ಮಾತು ಆಡಿಲ್ಲವೆಂಬಂತೆ.

"ಆ ಟೇಪು ಕೊಡಿ," ಎಂದ ಕೊನೆಗೆ.

ಗೋಡೆಯಿಂದ ಗೋಡೆಗೆ ಅಳೆದ. ಮೇಜು ಬಿಚ್ಚಿದರೆ ಎಷ್ಟು ಬೇಕು, ಬಾಗಿಲು ತೆರೆಯಲು ಎಷ್ಟು ಬೇಕು ಎಂದು ಕೇಳಿದ. ಆಮೇಲೆ ನಡೆದಾರಿಗೆ ನುಸುಳಿ ಮ್ಯಾನೇಜರ್‌ಗೆ ಫೋನ್ ಮಾಡಿದ.

"ಮಂಚ ವಾಪಸು ತಗೋಬೇಕು ಮೇಡಂ. ಇಲ್ಲಿ ಮಂಚದೊಳಗೆ ಮನೆ ಇದೆ. ಒಂಟಿ ಹಾಸಿಗೆ ಕಳಿಸಿ, ಮಡಚೋಂಥದ್ದು."

ಆ ಕಡೆಯಿಂದ ಮ್ಯಾನೇಜರ್ ಕೇಳಿದಳು, "ಅವರನ್ನ ಒಪ್ಪಿಸಿ ಬನ್ನಿ ಅಂತ ಕಳಿಸಿದ್ರೆ, ಅವರೇ ನಿಮ್ಮನ್ನ ಒಪ್ಪಿಸಿದ್ರಾ?"

"ಹೌದು ಮೇಡಂ. ಈ ಸಲ ಕೇಸು ಸೋತೆ."

ಮಂಚ ಹಿಂದಕ್ಕೆ ಬಂತು, ಹೆಚ್ಚಿನ ಹಣ ಬರಲಿಲ್ಲ. ಮ್ಯಾನೇಜರ್ ಮೇಲಿನವರಿಗೆ ಕಾರಣ ಬರೆದು ಕಳಿಸಿದಳು. ಅವರು ಆ ಮಂಚವನ್ನೂ ಹೊಸ ತಿಂಗಳ ಟಾರ್ಗೆಟ್ಟಿಗೆ ಸೇರಿಸಿ ಕಳಿಸಿದರು. ಕ್ಯಾಷಿಯರ್ ಕೆಲವು ದಿನ ವಕೀಲನ ಜೊತೆ ಮಾತು ಬಿಟ್ಟ. ಅವನ ಬಿಲ್ಲುಗಳನ್ನು ಎಲ್ಲರದಾದ ಮೇಲೆ ಕೈಗೆತ್ತಿಕೊಳ್ಳುತ್ತಿದ್ದ. ಸೈಕಲ್ಲಿನ ವಿಷಯ ವಕೀಲನಿಗೂ ಗೊತ್ತಿತ್ತು.

ಅವನ ಮಾತು ಪೂರ್ತಿ ನಿಲ್ಲಲಿಲ್ಲ, ಆದರೆ ನಡುನಡುವೆ ತಡೆದು ನಿಲ್ಲತೊಡಗಿತು. ಯಾರಾದರೂ ಎರಡು ಸಲ ಬೇಡ ಎಂದರೆ ಸುಮ್ಮನಾಗುತ್ತಿದ್ದ. ಕೆಲವರು ಹೊರಟು ಹೋಗುತ್ತಿದ್ದರು. ಕೆಲವರು ಮರುದಿನ ಬಂದು ತಾವಾಗಿ ಕೊಳ್ಳುತ್ತಿದ್ದರು. ಬೋರ್ಡಿನಲ್ಲಿ ಹೆಚ್ಚು ಮಾರಿದವರ ಪಟ್ಟಿಯಲ್ಲಿ ಅವನ ಹೆಸರು ಮೊದಲಿನಿಂದ ಮೂರನೆಯದಕ್ಕೆ ಇಳಿಯಿತು, ಅಲ್ಲೇ ನಿಂತಿತು.

ಬಿಚ್ಚಿ ಜೋಡಿಸಿದ ಮಂಚವನ್ನು ಹೊಸದೆಂದು ಮಾರುವಂತಿರಲಿಲ್ಲ. ಹೊರುವವರು ಅದನ್ನು ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಜೋಡಿಸಿಟ್ಟು, ಹಾಸಿಗೆಯನ್ನು ಮೇಲೆ ಎಸೆದು ಹೋಗಿದ್ದರು. ಒಂದು ಮಧ್ಯಾಹ್ನ ವಕೀಲ ದಿಂಬು ತರಲು ಹೋದಾಗ ಅದರ ಮೇಲೆ ಮ್ಯಾನೇಜರ್ ಚಪ್ಪಲಿ ಬಿಟ್ಟು ಮಲಗಿದ್ದಳು. ಎದೆಯ ಮೇಲೆ ಫೋನ್ ಸದ್ದಿಲ್ಲದೆ ನಡುಗುತ್ತಿತ್ತು.

ಅವಳು ಎದ್ದು ಕೂರಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಯಾರಾದ್ರೂ ಕೇಳಿದ್ರೆ ಗೋದಾಮಲ್ಲಿ ಸಿಗ್ನಲ್ ಬರಲ್ಲ ಅನ್ನಿ," ಎಂದಳು.

ಆಮೇಲೆ ಅದು ಎಲ್ಲರಿಗೂ ರೂಢಿಯಾಯಿತು. ದಿನವಿಡೀ ನಿಂತೇ ಇರಬೇಕಾದವರು ಊಟವಾದ ಮೇಲೆ ಸರದಿಯಲ್ಲಿ ಹೋಗಿ ಸ್ವಲ್ಪ ಹೊತ್ತು ಒರಗಿ ಬರುತ್ತಿದ್ದರು. ಕ್ಯಾಷಿಯರ್ ಮೊದಲ ಸಲ ಮಲಗಿ ಎದ್ದು ಬಂದವನು ವಕೀಲನ ಪಕ್ಕ ನಿಂತು, ಎತ್ತಲೋ ನೋಡುತ್ತ, "ಒಳ್ಳೇ ಮಂಚ ಕಣಯ್ಯ," ಎಂದ. ಮಾತು ಬಿಟ್ಟ ಮೇಲೆ ಅದೇ ಮೊದಲ ಮಾತು.

"ಹೌದಾ? ನಾನಿನ್ನೂ ಮಲಗಿ ನೋಡಿಲ್ಲ," ಎಂದ ವಕೀಲ.

"ಹೋಗು ಮತ್ತೆ. ಗಿರಾಕಿ ಬಂದ್ರೆ ನಾನು ನೋಡ್ಕೋತೀನಿ."

ವಕೀಲ ಗೋದಾಮಿಗೆ ಹೋಗಿ ಬೂಟು ಕಳಚಿ ಮಲಗಿದ. ಅಕ್ಕನಿಗೂ ಅತ್ತೆಗೂ ಆಗುವಷ್ಟು ಜಾಗ ಪಕ್ಕದಲ್ಲಿ ಖಾಲಿ ಬಿದ್ದಿತ್ತು. ಸೊಂಟ ನಿಧಾನಕ್ಕೆ ಸಡಿಲಾಯಿತು. ಹೊರಗೆ ಯಾರೋ ಹಾಸಿಗೆಯ ಬೆಲೆ ಕೇಳುವುದೂ, ಕ್ಯಾಷಿಯರ್ ತಡವರಿಸುತ್ತ ಉತ್ತರ ಕೊಡುವುದೂ ಕಿವಿಗೆ ಬಿತ್ತು. ಎದ್ದು ಹೋಗಿ ಸಹಾಯ ಮಾಡೋಣ ಎಂದುಕೊಂಡ. ಅಷ್ಟರಲ್ಲಿ ನಿದ್ದೆ ಹತ್ತಿತು.