ಕಟ್ ಅನ್ನುವವರೆಗೆ

“ಹೆಣ ಬೀಳೋದೂ ಒಂದು ಕಲೆಯೇನ್ರೀ? ಹಂಗಾದ್ರೆ ನಮ್ಮನೆ ನಾಯಿನೂ ದೊಡ್ಡ ಕಲಾವಿದ.”

ವಿಟ್ಲಾಕ್ ಹೀಗಂದಾಗ ವಿಚಾರಣಾಧಿಕಾರಿಯೂ ನಕ್ಕ. ಲಾಸ್ ಏಂಜಲೀಸಿನ ಕಾರ್ಮಿಕ ಕಚೇರಿಯ ಆ ಕೋಣೆಯಲ್ಲಿ ನಗದವರು ಇಬ್ಬರೇ: ನಾನು ಮತ್ತು ಒಬ್ದೂಲಿಯಾ.

ಅವಳು ಸಿನಿಮಾಗಳಲ್ಲಿ ಸಾಯುವವಳು. ಗುಂಡಿಗೆ, ಬಾಂಬಿಗೆ, ಪ್ಲೇಗಿಗೆ ಸತ್ತಿದ್ದಾಳೆ. ನಾನು ಅವಳ ಪಕ್ಕದ ಹೆಣ. ಈಗ ಮೊದಲ ಸಲ ಅವಳಿಗೆ ಮಾತಿರುವ ಪಾತ್ರ ಸಿಕ್ಕಿತ್ತು. ನಾಳೆಯೇ ಚಿತ್ರೀಕರಣ. ಆದರೆ ನಮಗೆಲ್ಲ ಕೆಲಸ ಹುಡುಕಿಕೊಡುವ ವಿಟ್ಲಾಕ್ ಬರೆಸಿಕೊಂಡ ಕರಾರಿನಂತೆ, ಅವನು ಹೂಂ ಅನ್ನದೆ ಅವಳು ಎಲ್ಲೂ ದುಡಿಯುವಂತಿಲ್ಲ. ಅವನು ಹೂಂ ಅನ್ನಲಿಲ್ಲ. “ಹೆಣಗಳಿಗೇ ಬರ ಬಂದದೆ, ಸುಮ್ನೆ ಬಿದ್ದಿರು” ಎಂದಿದ್ದ.

ಕಲಾವಿದರಿಗೆ ಕೆಲಸ ಕೊಡಿಸುವವನಿಗೆ ಪರವಾನಗಿ ಬೇಕು, ಇಲ್ಲದವನ ಕರಾರು ರದ್ದಾಗಬಹುದು ಎನ್ನುತ್ತದೆ ಕಾಯಿದೆ. ವಿಟ್ಲಾಕನಿಗೆ ಪರವಾನಗಿ ಇರಲಿಲ್ಲ; ಅದನ್ನೇ ಹಿಡಿದು ಅವಳು ದೂರು ಕೊಟ್ಟಿದ್ದಳು. ಆದ್ದರಿಂದ ಅವನ ಕರಾರು ಉಳಿಯಬೇಕಾದರೆ ಒಬ್ದೂಲಿಯಾ ಕಲಾವಿದೆ ಆಗಿರಬಾರದಿತ್ತು.

“ಕಾಯಿದೇಲಿ ನಟರು ಇದಾರೆ, ಹಾಡೋರು ಇದಾರೆ. ಹೆಣ ಅಂತ ಎಲ್ಲೂ ಇಲ್ಲ ಕಣಮ್ಮ” ಎಂದ ಅಧಿಕಾರಿ. “ನೀನು ಅಲ್ಲಿ ಮಾಡೋದಾದ್ರೂ ಏನು?”

“ಉಸಿರನ್ನ ಹೊಟ್ಟೆ ತಳಕ್ಕೆ ಇಳಿಸ್ತೀನಿ ಸಾಮಿ. ಎದೆ ಅಲುಗಬಾರ್ದು. ಕಣ್ಣ ಮ್ಯಾಲೆ ನೊಣ ಕುಂತ್ರೂ ರೆಪ್ಪೆ ಬಡೀಬಾರ್ದು. ನಿರ್ದೇಶಕ ಕಟ್ ಅನ್ನೋಗಂಟ ಸತ್ತೇ ಇರ್ಬೇಕು.”

“ಉಣ್ಣಕ್ಕೂ ನಮ್ಮನ್ನ ಬ್ಯಾರೆ ಕೂರಿಸ್ತಾರೆ” ಎಂದೆ ನಾನು. “ನಟರ ಮೇಜಿನ ತಾವ ಹೋದ್ರೆ ಕುತ್ತಿಗೆ ಹಿಡಿದು ದಬ್ತಾರೆ.”

“ನೋಡಿ, ನಟರು ಬೇರೆ ಅಂತ ಅವನೇ ಒಪ್ಕೊಂಡ” ಎಂದ ವಿಟ್ಲಾಕ್.

ನಾಲಿಗೆ ಕಚ್ಚಿಕೊಂಡೆ.

“ಎಲ್ಲಿ, ಒಂದ್ಸಲ ಸತ್ತು ತೋರಿಸು” ಎಂದ ಅಧಿಕಾರಿ.

ಒಬ್ದೂಲಿಯಾ ಚಪ್ಪಲಿ ಬಿಟ್ಟಳು. ಬಾಗಿಲ ಬಳಿ ಮಾತ್ರ ಜಾಗವಿತ್ತು. ಅಲ್ಲಿ ಮೊಣಕಾಲು, ಸೊಂಟ, ತೋಳು ಒಂದಾದ ಮೇಲೊಂದು ಜೀವ ಬಿಟ್ಟವು. ಕಣ್ಣು ತೆರೆದೇ ಇತ್ತು.

“ಮಲಗಿದಾಳೆ ಅಷ್ಟೆ” ಎಂದ ವಿಟ್ಲಾಕ್.

“ಸರಿ, ಏಳಮ್ಮ. ಊಟದ ಹೊತ್ತಾಯ್ತು” ಎಂದ ಅಧಿಕಾರಿ.

ಅವಳು ಏಳಲಿಲ್ಲ. ಮೂಲೆಯಲ್ಲಿದ್ದ ಕಾವಲುಗಾರ ಬಂದು ಕಿವಿಯಲ್ಲಿ ಕೂಗಿದ. ಏಳಲಿಲ್ಲ. ಅಧಿಕಾರಿಯ ಮುಖ ಬಿಳುಚಿತು.

“ಗಾಬರಿ ಬ್ಯಾಡಿ ಸಾಮಿ” ಎಂದೆ. “ಕಟ್ ಅನ್ನಿ, ಏಳ್ತಾಳೆ.”

ಅವನು ಬಾಯಿ ತೆರೆದ.

“ಅನ್ಬೇಡಿ” ಎಂದು ವಿಟ್ಲಾಕ್ ಮೇಜು ಗುದ್ದಿದ. “ಅಂದ್ರೆ ಇವಳನ್ನ ನಟಿ ಅಂತ ಒಪ್ಪಿದಂಗೆ.”

ಅಧಿಕಾರಿ ಬಾಯಿ ಮುಚ್ಚಿದ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅವಳು ಅದಕ್ಕೆ ಒತ್ತಿಕೊಂಡೇ ಸತ್ತಿದ್ದಳು.

“ಎತ್ತೋ ಆ ಮುದಿ ಗೂಬೇನ, ಬೋಳಿಮಗನೆ” ಎಂದು ವಿಟ್ಲಾಕ್ ನನ್ನ ಮೇಲೆ ಹಾರಿದ.

“ನಾನೆಂಗೆ ಎತ್ಲಿ ಧಣಿ? ನಾನೂ ಹೆಣ ಅಲ್ವಾ?”

ಅವಳ ಪಕ್ಕದಲ್ಲಿ, ಬಾಗಿಲಿಗೆ ಅಡ್ಡವಾಗಿ ಬಿದ್ದುಕೊಂಡೆ. ಉಸಿರನ್ನು ತಳಕ್ಕೆ ಇಳಿಸಿದೆ. ಮೇಲೆಲ್ಲೋ ಅಧಿಕಾರಿಯ ಹೊಟ್ಟೆ ಗುರುಗುಟ್ಟಿತು. ನಾವು ಅಲುಗಲಿಲ್ಲ.